ನಾಲ್ಕು ದಿನದ ಗಂಜಿ

ಮರಾಠಿ ಸೀಮೆಯ ನಿಲಂಗಾದ ನಮ್ಮ ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷದಿಂದ ಸ್ಟೋರ್‌ಕೀಪರ್. ಹೆಸರು ಶಾಂತವೀರಪ್ಪ. ಗಾಜಿನ ಸಾಮಾನು, ರಾಸಾಯನಿಕದ ಬಾಟಲಿ, ಕಪಾಟಿನ ಬೀಗ, ಇಷ್ಟೇ ನನ್ನ ರಾಜ್ಯ. ಈ ಮೂವತ್ತೊಂದು ವರ್ಷದಲ್ಲಿ ಲ್ಯಾಬ್ ಅಟೆಂಡಂಟ್ ಆಗಿ ಬಂದು ಹೋದವರನ್ನೆಲ್ಲ ಕೂರಿಸಿದರೆ ಒಂದು ಟೆಂಪೊ ತುಂಬುತ್ತದೆ. ತೊಳೆ ಎಂದದ್ದನ್ನು ತೊಳೆದರು, ಐದು ಗಂಟೆಗೆ ಬಸ್ ಹಿಡಿದರು, ಯಾರ ಮುಖವೂ ನನಗೆ ಸರಿಯಾಗಿ ನೆನಪಿಲ್ಲ. ಜಗದೇವಿ ಮಾತ್ರ ಸಂದರ್ಶನದ ದಿನವೇ ಜಗಳ ತೆಗೆದಳು.

ವಿಭಾಗದ ಮುಖ್ಯಸ್ಥರು ಪಂಡಿತ ಸರ್. ಕೆಲಸ ಏನು ಗೊತ್ತೇನಮ್ಮ, ಗಾಜು ತೊಳೆಯಬೇಕು, ನೆಲ ಒರೆಸಬೇಕು ಎಂದು ಅವರು ಮರಾಠಿಯಲ್ಲಿ ಕೇಳಿದರು. ಆಕೆಯೂ ಮರಾಠಿಯಲ್ಲೇ ಉತ್ತರ ಕೊಟ್ಟಳು. ಆದರೆ ಆಕೆಯ ಮಾತು ನನ್ನ ಕಿವಿಗೆ ಯಾವಾಗಲೂ ನಮ್ಮ ಕನ್ನಡದಲ್ಲೇ ಬೀಳುತ್ತದೆ, ಹಾಗೇ ಬರೆಯುತ್ತೇನೆ.

"ತೊಳೀತೀನ್ರಿ. ಆದ್ರ ಅದ್ರಾಗ ಏನಿತ್ತು ಅಂತ ಮೊದಲ ಹೇಳ್ಬೇಕು. ಗೊತ್ತಿಲ್ದ ನಾ ಕೈ ಹಾಕಂಗಿಲ್ಲ."

ಪಂಡಿತ ಸರ್ ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಅಷ್ಟು ಕಡಿಮೆ ಸಂಬಳಕ್ಕೆ ಬಿ.ಎಸ್ಸಿ. ಆದವರು ಬೇರೆ ಯಾರೂ ಬಂದಿರಲಿಲ್ಲ, ಅದಕ್ಕೇ ತೆಗೆದುಕೊಂಡರು. ವರ್ಷ ವರ್ಷ ಜೂನ್‌ನಲ್ಲಿ ಮುಗಿಯುವ ಗುತ್ತಿಗೆ ಕೆಲಸ.

ಆಕೆ ಉಮರ್ಗಾ ತಾಲೂಕಿನ ದಾಳಿಂಬದವಳು. ಬೀರಪ್ಪನ ಒಕ್ಕಲಿನ ಕುರುಬರ ಮನೆ. ಅಪ್ಪ ರೇವಣಸಿದ್ಧ ಕುರಿ ಹಿಂದೆ ಹೋದರೆ ಎಷ್ಟೋ ತಿಂಗಳು ಮನೆಯ ಮುಖ ನೋಡುವುದಿಲ್ಲ. ತಾಯಿ ಗುರಮ್ಮ ಉಣ್ಣೆ ನೂಲುತ್ತಾಳೆ. ಕಂಬಳಿ ನೇಯುವುದಕ್ಕೆ ಮುಂಚೆ ನೂಲಿಗೆ ಹುಣಸೆಬೀಜದ ಗಂಜಿ ಬಳಿಯಬೇಕಲ್ಲ, ಆ ಗಂಜಿ ಕಾಯಿಸುವುದು ಊರಿಗೆಲ್ಲ ಗುರಮ್ಮನೇ. ಜಗದೇವಿ ಉದಗೀರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದಳು. ಈಗ ವಯಸ್ಸು ಮೂವತ್ತೊಂದು. ಬೆಳಗಾಗುತ್ತಲೇ ದಾಳಿಂಬದಿಂದ ಉಮರ್ಗಾ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ನಿಲಂಗಾ. ಕಾಲೇಜಿನ ಎದುರೇ ಮನೆ ಇರುವ ನನಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ನನಗೆ ಬೇಕೆಂದೇ ಹಾಗೆ ಮಾಡುತ್ತಾಳೆ ಎಂದು ಸಿಟ್ಟು ಬರುತ್ತಿತ್ತು.

ನಮ್ಮ ಮನೆಯಲ್ಲೂ ಕನ್ನಡವೇ. ಹಾಗಾಗಿ ಮಧ್ಯಾಹ್ನ ಸ್ಟೋರಿನಲ್ಲಿ ಚಹಾ ಕುಡಿಯುವಾಗ ನಮ್ಮಿಬ್ಬರ ಮಾತು ಕನ್ನಡದಲ್ಲಿ ನಡೆಯುತ್ತಿತ್ತು. ಆಕೆ ನನ್ನನ್ನು ಕಾಕಾ ಎನ್ನುತ್ತಿದ್ದಳು. ಆ ಕಾಕಾ ಎಂಬ ಕರೆಗೆ ನಾನು ಮುಂದೆ ಎಂಥ ಬೆಲೆ ಕೊಟ್ಟೆ ಎನ್ನುವುದೂ ಇದರಲ್ಲಿ ಬರುತ್ತದೆ.

ಪಂಡಿತ ಸರ್‌ಗೆ ಹನ್ನೆರಡು ವರ್ಷ ಅರ್ಜಿ ಹಾಕಿದ ಮೇಲೆ ಒಂದು ಸಂಶೋಧನಾ ಯೋಜನೆ ಸಿಕ್ಕಿತು. ಗ್ರಾಫೀನ್ ತಯಾರಿಸುವ ಯೋಜನೆ. ಪೆನ್ಸಿಲಿನೊಳಗಿನ ಕಪ್ಪು ಸೀಸ ಇದೆಯಲ್ಲ, ಅದು ಗ್ರಾಫೈಟ್. ಪದರದ ಮೇಲೆ ಪದರ ಕೂತು ಆದ ಇಂಗಾಲ. ಆ ಪದರಗಳನ್ನು ಒಂದೊಂದಾಗಿ ಬಿಡಿಸಿದರೆ ಸಿಗುವುದೇ ಗ್ರಾಫೀನ್. ಉಕ್ಕಿಗಿಂತ ಗಟ್ಟಿ, ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ತೆಳ್ಳಗೆ ಎಂದರೆ ಒಂದು ಪರಮಾಣುವಿನಷ್ಟು. ಅದನ್ನು ನೀರಿನಲ್ಲಿ ಕದಡಿ ಮಸಿಯಂತೆ ಕಾಗದಕ್ಕೆ ಬಳಿದರೆ ಆ ಗೆರೆಯಲ್ಲೇ ಕರೆಂಟು ಓಡುತ್ತದೆ. ಅಂಥ ಮಸಿ ಮಾಡುವುದು ನಮ್ಮ ಯೋಜನೆಯ ಗುರಿ.

ಬಿಡಿಸುವುದು ಅಂಥ ಕಷ್ಟವಲ್ಲ. ನೀರು, ಗ್ರಾಫೈಟ್ ಪುಡಿ, ಜೊತೆಗೆ ಒಂದಿಷ್ಟು ಸಾಬೂನಿನ ದ್ರಾವಣ ಹಾಕಿ ಅಡುಗೆಮನೆಯ ಮಿಕ್ಸರ್‌ನಂಥ ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಪದರ ಬಿಡುತ್ತವೆ. ಬಿಟ್ಟದ್ದು ಬಿಟ್ಟ ಹಾಗೇ ಇರುವುದು ಕಷ್ಟ. ನಮ್ಮ ಲ್ಯಾಬಿನಲ್ಲಿ ಸಂಜೆ ಕಪ್ಪಗೆ ಕಂಡ ಬಾಟಲಿ ಬೆಳಗ್ಗೆ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಕೆಸರು. ಸಾಬೂನು ಹೆಚ್ಚು ಹಾಕಿದರೆ ಕೆಸರಾಗುತ್ತಿರಲಿಲ್ಲ, ಆದರೆ ಕರೆಂಟು ಹರಿಯುತ್ತಿರಲಿಲ್ಲ. ಪಿಎಚ್.ಡಿ. ಮಾಡುತ್ತಿದ್ದ ನೀಲೇಶ ಮೂರು ತಿಂಗಳು ಇದೇ ಕೆಸರು ನೋಡಿ ನೋಡಿ ಅರ್ಧ ಆಗಿಹೋದ. ಒಳ್ಳೆಯ ಹುಡುಗ, ಆದರೆ ಸರ್ ಕೆಮ್ಮಿದರೂ ಬೆವರುವ ಜಾತಿ.

ಆ ಕೆಸರಿನ ಬಾಟಲಿ ತೊಳೆಯುವವಳು ಜಗದೇವಿ. ಒಂದು ದಿನ ತೊಳೆಯುವುದನ್ನು ಬಿಟ್ಟು ಬಾಟಲಿ ಹಿಡಿದುಕೊಂಡೇ ಸ್ಟೋರಿಗೆ ಬಂದಳು.

"ಕಾಕಾ, ಇದು ಉಣ್ಣಿ ಕಥಿನೇ ಅದ. ನಾವ್ ಬಿಡಸ್ತೀವಿ, ಅದು ಮತ್ತ ಗಂಟ ಕಟ್ತದ. ಗಂಜಿ ಹಚ್ಚಿದ್ರ ಎಳಿ ಎಳಿ ಬ್ಯಾರೆ ನಿಂದರ್ತದ ನೋಡ್ರಿ."

"ಇದು ಕಂಬಳಿ ಅಲ್ಲವ್ವಾ, ಗ್ರಾಫೀನ್ ಅದ."

"ಅದಕ್ಕೇನ್ ಗೊತ್ತದ್ರಿ ತಾ ಕಂಬಳಿ ಅಲ್ಲಂತ?"

ಮುಂದಿನ ಸೋಮವಾರ ಸ್ಟೀಲ್ ಡಬ್ಬಿಯಲ್ಲಿ ತಾಯಿಯ ಗಂಜಿ ತುಂಬಿಕೊಂಡು ಬಂದಳು. ಮುಚ್ಚಳ ತೆಗೆದರೆ ಹುಳಿ ವಾಸನೆ ಕಾರಿಡಾರಿನವರೆಗೆ ಹೊಡೆಯಿತು. ಪಂಡಿತ ಸರ್ ಎಲ್ಲೋ ಸೆಮಿನಾರಿಗೆ ಹೋಗಿದ್ದರು, ಅದು ನಮ್ಮ ಪುಣ್ಯ. ನೀಲೇಶ ಮೂಗು ಮುಚ್ಚಿಕೊಂಡು, ಆಗಲಿ ಅಕ್ಕ, ಇದೊಂದು ಉಳಿದಿತ್ತು ಎಂದ. ಸಾಬೂನಿನ ಬದಲು ಗಂಜಿ ಹಾಕಿ ತಿರುಗಿಸಿದರು. ಬಾಟಲಿಯ ಮೇಲೆ ಆಕೆ ತಾರೀಖು ಬರೆದು ಕಿಟಕಿಯಲ್ಲಿಟ್ಟಳು. ಲ್ಯಾಬಿನ ದಾಖಲೆ ಪುಸ್ತಕದಲ್ಲೂ ತನ್ನ ಕೈಯಿಂದಲೇ ಬರೆದಳು: ಇಷ್ಟು ನೀರು, ಇಷ್ಟು ಗ್ರಾಫೈಟ್, ಇಷ್ಟು ಹುಣಸೆಬೀಜದ ಗಂಜಿ, ಇಷ್ಟು ಹೊತ್ತು.

ಮರುದಿನ ಬಾಟಲಿ ಕಪ್ಪಗಿತ್ತು. ಮೂರನೆಯ ದಿನವೂ ಕಪ್ಪಗಿತ್ತು. ಒಂದು ವಾರದ ಮೇಲೂ ಅದರ ತಳದಲ್ಲಿ ಉಗುರಿನಷ್ಟೂ ಕೆಸರಿರಲಿಲ್ಲ. ಕಾಗದಕ್ಕೆ ಬಳಿದು ಬಿಸಿ ತಟ್ಟೆಯ ಮೇಲೆ ಒಣಗಿಸಿ ಮೀಟರ್ ಹಿಡಿದರೆ ಕರೆಂಟು ಓಡಿತು. ನೀಲೇಶ ಆಕೆಯ ಎರಡೂ ಕೈ ಹಿಡಿದು ಕುಣಿದುಬಿಟ್ಟ. ಪುಣೆಯ ಒಂದು ಲ್ಯಾಬಿಗೆ ಕಳಿಸಿದ ಮಾದರಿಯೂ ಚೆನ್ನಾಗಿದೆ ಎಂದು ಬಂತು. ಪಂಡಿತ ಸರ್ ವಾರದೊಳಗೆ ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದರು. ಅದರಲ್ಲಿ ಜಗದೇವಿಯ ಹೆಸರು ಎಲ್ಲೂ ಇರಲಿಲ್ಲ, ಆಕೆ ಕೇಳಲೂ ಇಲ್ಲ. ಆಗಿನ್ನೂ ಆಕೆಗೆ ಬಾಟಲಿ ನಿಂತದ್ದೇ ದೊಡ್ಡದಾಗಿತ್ತು.

ಆಮೇಲೆ ಶುರುವಾಯಿತು ಪೀಡೆ. ಇನ್ನೊಮ್ಮೆ ಮಾಡಿ ನೋಡೋಣ ಎಂದರೆ ಆಗಲೊಲ್ಲದು. ಕಂಪನಿಯಿಂದ ತರಿಸಿದ ಶುದ್ಧ ಹುಣಸೆಬೀಜದ ಪುಡಿ ಹಾಕಿದರು, ಕೆಸರು. ಹೊರಗಿನ ಗಂಜಿ ಬೇಡ, ಲ್ಯಾಬಿನಲ್ಲೇ ಸ್ವಚ್ಛವಾಗಿ ಕುದಿಸು ಎಂದು ಸರ್ ಹೇಳಿದರು. ಆಕೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಶುದ್ಧ ನೀರಲ್ಲಿ ಕುದಿಸಿ, ಆರಿಸಿ, ಅದೇ ಸಂಜೆ ಬಳಸಿದಳು. ಅದೂ ಕೆಸರು. ಹೀಗೆ ಆರು ಸಲ. ಆರು ಸಲವೂ ಆಕೆ ಪುಸ್ತಕದಲ್ಲಿ ಕೆಟ್ಟಿದೆ ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಬರೆಯಬೇಡ ಎಂದು ನೀಲೇಶ ಪಿಸುಗುಟ್ಟಿದ. ಆದದ್ದು ಬರೆಯದಿದ್ದರೆ ಪುಸ್ತಕ ಯಾಕೆ ಇಡುತ್ತೀರಿ ಎಂದು ಆತನ ಬಾಯಿ ಮುಚ್ಚಿಸಿದಳು.

ಅಷ್ಟರಲ್ಲಿ ಪುಣೆಯಿಂದ ಪತ್ರ ಬಂತು. ನಮ್ಮ ಮಾದರಿ ಪರೀಕ್ಷಿಸಿದ್ದ ಲ್ಯಾಬಿನ ಮೀನಲ ಮೇಡಂ, ಯೋಜನೆಯ ಪರಿಶೀಲಕರು ಕೂಡ, ಈ ಮಸಿ ಮಾಡುವುದನ್ನು ಕಣ್ಣಾರೆ ನೋಡಲು ಬರುತ್ತೇನೆ ಎಂದು ಬರೆದಿದ್ದರು. ಹದಿನೈದು ದಿನ ಉಳಿದಿತ್ತು.

ಪಂಡಿತ ಸರ್ ಕೆಟ್ಟವರಲ್ಲ. ಇದನ್ನು ನಾನು ಅವರ ಮೇಲಿನ ಪ್ರೀತಿಯಿಂದ ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ಅವರನ್ನು ಬೈದು ನಾನು ಆರಾಮ ನಿದ್ದೆ ಮಾಡುತ್ತಿದ್ದೆ. ಹೆದರಿದವರು ಅವರು. ಹನ್ನೆರಡು ವರ್ಷ ಕಾದು ಸಿಕ್ಕ ಯೋಜನೆ, ಬೇರೆಯವರ ಮುಂದೆ ನಗೆಪಾಟಲಾಗುತ್ತದೆ ಎಂಬ ಹೆದರಿಕೆ. ಹೆದರಿದ ತಲೆಗೆ ಒಂದು ಉಪಾಯ ಹೊಳೆಯಿತು. ಹೋಲಿಕೆಗೆಂದು ಕಂಪನಿಯಿಂದ ಕೊಂಡ ಒಂದು ಬಾಟಲಿ ಒಳ್ಳೆಯ ಗ್ರಾಫೀನ್ ನನ್ನ ಕಪಾಟಿನಲ್ಲಿತ್ತು. ಅಟೆಂಡಂಟ್ ಕೈತಪ್ಪಿ ಅದನ್ನೇ ತನ್ನ ಬಾಟಲಿಗೆ ಸುರಿದುಬಿಟ್ಟಳು, ಅದಕ್ಕೇ ಮೊದಲ ಸಲ ಆಯಿತು, ಆಮೇಲೆ ಆಗಲಿಲ್ಲ. ಪ್ರಾಧ್ಯಾಪಕರದೂ ತಪ್ಪಿಲ್ಲ, ವಿದ್ಯಾರ್ಥಿಯದೂ ತಪ್ಪಿಲ್ಲ. ಹೀಗೊಂದು ಹೇಳಿಕೆ ಟೈಪ್ ಆಯಿತು. ಜಗದೇವಿ ತಪ್ಪೊಪ್ಪಿಗೆಯ ಸಹಿ ಹಾಕಬೇಕು. ಕೆಳಗೆ ಸಾಕ್ಷಿ: ಕಪಾಟಿನ ಬಾಟಲಿ ಅರ್ಧ ಖಾಲಿಯಾಗಿದ್ದನ್ನು ನಾನು ಕಂಡಿದ್ದೇನೆ, ಶಾಂತವೀರಪ್ಪ, ಸ್ಟೋರ್‌ಕೀಪರ್.

ಬಾಟಲಿ ತುಂಬಿತ್ತು. ಮುದ್ರೆ ಕೂಡ ಒಡೆದಿರಲಿಲ್ಲ. ನಾನು ಸಹಿ ಹಾಕಿದೆ.

ನಿವೃತ್ತಿಗೆ ಎಂಟು ತಿಂಗಳಿತ್ತು. ಮೂವತ್ತೊಂದು ವರ್ಷ ಸರ್ ಹೇಳಿದಲ್ಲಿ ಸಹಿ ಹಾಕಿ ಹಾಕಿ ಕೈ ತಾನಾಗಿಯೇ ಹೋಯಿತು. ಗುತ್ತಿಗೆಯ ಹುಡುಗಿ, ಇಲ್ಲಿ ಅಲ್ಲದಿದ್ದರೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಥೂ.

ಮಧ್ಯಾಹ್ನ ಆಕೆಯನ್ನು ಒಳಗೆ ಕರೆದರು. ಆಕೆ ಹೇಳಿಕೆಯನ್ನು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. "ಸಹೀ ಕರ, ವಿಷಯ ಸಂಪೇಲ," ಎಂದರು ಸರ್. ಸಹಿ ಹಾಕು, ವಿಷಯ ಮುಗಿಯುತ್ತದೆ.

"ವಿಷಯ ನಾ ಸುರು ಮಾಡೀನ್ರಿ. ಸುಳ್ಳ ಹೇಳಿ ಮುಗಸಂಗಿಲ್ಲ. ನಾ ಯಾವ ಬಾಟ್ಲಿನೂ ಸುರುವಿಲ್ಲ."

"ಮತ್ತೆ ಆರು ಸಲ ಯಾಕೆ ಆಗಲಿಲ್ಲ?"

"ಗೊತ್ತಿಲ್ರಿ. ಗೊತ್ತಿಲ್ಲಂತ ಬೇಕಾದ್ರ ಬರ್ಕೊಡ್ತೀನಿ, ಈಗೇ ಸಹಿ ಮಾಡ್ತೀನಿ. ಇದಕ್ಕ ಮಾಡಂಗಿಲ್ಲ."

ಜೂನ್‌ನಲ್ಲಿ ಗುತ್ತಿಗೆ ಮುಗಿಯುತ್ತದೆ, ನೆನಪಿದೆಯೇ ಎಂದರು ಸರ್. ಮುಗೀಲಿ ಎಂದಳು. ಮೇಡಂ ಬಂದು ಹೋಗುವ ತನಕ ನೀನು ಬರುವುದು ಬೇಡ ಎಂದರು. ಆಕೆ ಕಾಗದ ಮೇಜಿನ ಮೇಲಿಟ್ಟು, ಹೋಗುವ ಮುಂಚೆ ನನ್ನ ಸಹಿಯ ಮೇಲೆ ಬೆರಳಿಟ್ಟಳು.

"ಕಾಕಾ, ಬಾಟ್ಲಿ ಖಾಲಿ ಇತ್ತೇನ್ರಿ?"

ನಾನು ಕಿಸೆಯಲ್ಲಿನ ಬೀಗದ ಕೈ ತಡಕತೊಡಗಿದೆ. ಆಕೆ ಇನ್ನೊಮ್ಮೆ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಸರ್ ನನ್ನನ್ನೇ ದಾಳಿಂಬಕ್ಕೆ ಅಟ್ಟಿದರು. ನಿಮ್ಮ ಭಾಷೆಯವಳು, ನಿಮ್ಮ ಮಾತು ಕೇಳುತ್ತಾಳೆ, ತಿಳಿಸಿ ಹೇಳಿ ಸಹಿ ತನ್ನಿ ಎಂದು. ಉಮರ್ಗಾದವರೆಗೆ ಬಸ್, ಮುಂದೆ ಎಂಟು ಜನ ತುಂಬಿದ ಶೇರ್ ಆಟೊ. ಕಿಸೆಯಲ್ಲಿ ಆ ಕಾಗದ. ಸೋಯಾ ಹೊಲದ ಪಕ್ಕದ ಮನೆಯ ಅಂಗಳದಲ್ಲಿ ಗುರಮ್ಮ ನೂಲುತ್ತ ಕೂತಿದ್ದಳು. ಯಾರ್ರೀ ನೀವು ಎಂದು ಆಕೆ ನನ್ನನ್ನು ಕೇಳಿದರೆ, ಉತ್ತರ ಒಳಗಿನಿಂದ ಮಗಳು ಕೊಟ್ಟಳು.

"ಸಹಿ ಮಾಡಿದವ್ರು, ಅವ್ವಾ. ಕೂಡ್ಸು, ನೀರ ಕೊಡು."

ನೀರು ಕೊಟ್ಟರು. ಕುಡಿಯದೆ ಲೋಟ ಪಕ್ಕಕ್ಕಿಟ್ಟೆ. ಜಗದೇವಿ ಗೋಡೆಗೆ ಒರಗಿ ನಿಂತಳು. ಏನಾದರೂ ಮಾತಾಡಬೇಕಲ್ಲ ಎಂದು, ಗೋಡೆ ಬದಿಗಿದ್ದ ಎರಡು ಗಡಿಗೆಗಳಲ್ಲಿ ಹತ್ತಿರದ್ದಕ್ಕೆ ಕೈ ತೋರಿಸಿ, ಇದೇ ಏನ್ರಿ ಆ ಗಂಜಿ ಎಂದೆ. ಮುಚ್ಚಳ ಎತ್ತಲು ಹೋದೆ.

"ಅದನ್ನ ಮುಟ್ಟಬ್ಯಾಡ್ರಿ," ಎಂದು ಗುರಮ್ಮ ಗದರಿದಳು. "ಅದು ನಿನ್ನಿ ಕುದಿಸಿದ್ದು, ಇನ್ನಾ ಎಳೀದದ. ಎಳೀ ಗಂಜಿ ಹಚ್ಚಿದ್ರ ನೂಲಿಗಿ ನೂಲು ಮೆತ್ಕೋತದ. ನಾಕ್ ದಿನ ಕೂಡಬೇಕು, ಹುಳಿ ವಾಸನಿ ಬರಬೇಕು, ಅವಾಗ ಎಳಿ ಬಿಡ್ತದ. ಹಚ್ಚೂದು ಆಕಡಿ ಗಡಗ್ಯಾಗಿನ್ದು."

ಗೋಡೆಗೆ ಒರಗಿದ್ದ ಜಗದೇವಿ ನೆಟ್ಟಗೆ ನಿಂತಳು.

"ಅವ್ವಾ, ಅವತ್ತ ನನ್ನ ಡಬ್ಬ್ಯಾಗ ಯಾವ್ದು ಹಾಕ್ದಿ?"

"ಹಚ್ಚೂದೇ ಹಾಕೀನಿ. ಹಚ್ಚಲಾರದ್ದು ಯಾರರೇ ಕೊಡ್ತಾರೇನ?"

ಜಗದೇವಿ ಹಣೆ ಹಣೆ ಬಡಿದುಕೊಂಡಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಹುಳಿತ ಗಂಜಿಯ ಗಡಿಗೆ ಸದಾ ತುಂಬಿರುತ್ತದೆ. ಬೇಕಾದಾಗ ಅದರಿಂದ ತೆಗೆದುಕೊಳ್ಳುವುದು, ಅಷ್ಟೇ. ಅದು ಎಷ್ಟು ದಿನದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಕಾಯಿಸುವ ಗುರಮ್ಮನಿಗೊಬ್ಬಳಿಗೆ ಲೆಕ್ಕ. ಲ್ಯಾಬಿನಲ್ಲಿ ಸ್ವಚ್ಛ ಎಂದರೆ ತಾಜಾ ಎಂದು ಎಲ್ಲರಂತೆ ಆಕೆಯೂ ನಂಬಿದ್ದಳು. ಬೇರೆ ಮನೆಯ ಹುಡುಗಿಯಾಗಿದ್ದರೆ ಈ ಗಂಜಿ ಯಾಕೆ ಇಷ್ಟು ನಾರುತ್ತದೆ ಎಂದು ಮೊದಲ ದಿನವೇ ಕೇಳುತ್ತಿದ್ದಳು. ಆಕೆಗೆ ಗಂಜಿ ಎಂದರೆ ಹಾಗೇ ನಾರಬೇಕು.

"ತಪ್ಪ ನಂದೇ ಅದ ಕಾಕಾ. ಎಷ್ಟ ದಿನದ್ದು ಅಂತ ನಾ ಬರೀಲೇ ಇಲ್ಲ. ಸರ್ ಹೊರ್ಸಿದ ತಪ್ಪ ನಂದಲ್ಲ, ಆದ್ರ ಈ ತಪ್ಪ ನಂದೇ." ನನಗೆ ಇಲ್ಲಿಯವರೆಗೆ ಸಂತೋಷದಲ್ಲಿ ಇಷ್ಟು ಸಿಟ್ಟಾದವರು ಯಾರೂ ಸಿಕ್ಕಿಲ್ಲ.

ನನಗೂ ಜೀವ ಬಂದಂತಾಯಿತು. ಗ್ರಾಫೈಟ್ ಪುಡಿ ನಾಳೆಯೇ ಸ್ಟೋರಿನಿಂದ ತಂದುಕೊಡುತ್ತೇನೆ, ಮನೆಯ ಮಿಕ್ಸರಿನಲ್ಲೇ ಒಮ್ಮೆ ಮಾಡಿ ನೋಡು, ಆದರೆ ಸರಿ, ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಆಕೆ ಕಣ್ಣು ಕೆಂಪಗೆ ಮಾಡಿದಳು.

"ಕದ್ದ ಮಾಲಿನಾಗ ನಾ ಮಾಡಂಗಿಲ್ಲ. ಕೆಟ್ಟದ್ದು ಮುಚ್ಚಿಡಾದು ನಿಮ್ಮ ಪದ್ಧತಿ. ನಾ ಗುರುವಾರ ಬರ್ತೀನಿ. ಆ ಮೇಡಂ ಮುಂದೇ ಮಾಡ್ತೀನಿ, ಆಗ್ಲಿ, ಕೆಡ್ಲಿ."

ಕಾಗದ ಕಿಸೆಯಲ್ಲೇ ವಾಪಸು ಬಂತು. ಆಕೆ ಒಪ್ಪಲಿಲ್ಲ ಎಂದಷ್ಟೇ ಸರ್‌ಗೆ ಹೇಳಿದೆ. ಉಳಿದದ್ದು ಹೇಳಲಿಲ್ಲ. ಆ ವರ್ಷ ನಾನು ಮಾಡಿದ ಮೊದಲ ಮರ್ಯಾದೆಯ ಕೆಲಸ ಅದು, ಅದೂ ಸುಮ್ಮನಿದ್ದು ಮಾಡಿದ್ದು.

ಗುರುವಾರ ಮೀನಲ ಮೇಡಂ ಬಂದರು. ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಪಂಡಿತ ಸರ್ ಚಹಾ, ಚಿವಡಾ, ಹಾರ ಎಲ್ಲ ಮುಗಿಸಿ ನಿಧಾನಕ್ಕೆ ಆ ಹೇಳಿಕೆಯನ್ನು ಅವರ ಮುಂದಿಟ್ಟರು. ಅಟೆಂಡಂಟ್ ಸಹಿಗೆ ಸಿಗಲಿಲ್ಲ, ಆದರೆ ಸಾಕ್ಷಿಯ ಸಹಿ ಇದೆ ಎಂದರು. ಮೇಡಂ ಓದುತ್ತಿರುವಾಗಲೇ ಬಾಗಿಲಲ್ಲಿ ಜಗದೇವಿ ಬಂದು ನಿಂತಳು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಐದು ಡಬ್ಬಿ, ಒಂದೊಂದಕ್ಕೂ ಚೀಟಿ: ಒಂದು ದಿನ, ಎರಡು ದಿನ, ಮೂರು, ನಾಲ್ಕು, ಐದು. ಆ ಶನಿವಾರದ ಗಡಿಗೆಯಿಂದ ಹಿಡಿದು ದಿನಕ್ಕೊಂದರಂತೆ ಗುರಮ್ಮ ಕಾಯಿಸಿ ಕೊಟ್ಟಿದ್ದಳು.

"ತುಲಾ ಕೋಣಿ ಬೋಲಾವಲಂ?" ಎಂದು ಸರ್ ಎದ್ದರು. ನಿನ್ನನ್ನು ಯಾರು ಕರೆದರು?

"ಯಾರೂ ಕರ್ದಿಲ್ರಿ. ಆ ಕಾಗದ ನನ್ನ ಮ್ಯಾಲ ಬರದದ್ದು ಅದ. ಅದನ್ನ ಓದುವಾಗ ನಾ ಇಲ್ಲಿರಬೇಕು."

ಮೇಡಂ ಕಾಗದದಿಂದ ತಲೆ ಎತ್ತಿ ಆಕೆಯನ್ನೂ ಬುಟ್ಟಿಯನ್ನೂ ನೋಡಿದರು. ಈ ಶಾಂತವೀರಪ್ಪ ಯಾರು ಎಂದು ಕೇಳಿದರು. ನಾನು ಮುಂದೆ ಬಂದೆ. ಬಾಟಲಿ ಖಾಲಿಯಾಗಿದ್ದು ನಿಜವೇ ಎಂದರು.

ಆ ಹೊತ್ತಿಗೆ ಯಾವ ಡಬ್ಬಿಯ ಗಂಜಿಯೂ ಗ್ರಾಫೈಟ್ ಮುಟ್ಟಿರಲಿಲ್ಲ. ಏಳನೆಯ ಸಲವೂ ಕೆಸರಾದರೆ ನಾನು ಆಕೆಯ ಜೊತೆ ಮುಳುಗುತ್ತೇನೆ. ಇನ್ನೊಂದು ದಿನ ತಡೆದು, ಬಾಟಲಿ ನಿಂತ ಮೇಲೆ ಹೇಳೋಣ ಎಂದು ಮನಸ್ಸು ಸಣ್ಣದಾಗಿ ಹೇಳಿತು. ಆಕೆ ನನ್ನ ಕಡೆ ನೋಡಲೂ ಇಲ್ಲ. ನನ್ನಿಂದ ಏನನ್ನೂ ಬೇಡುವುದಿಲ್ಲ ಎನ್ನುವಂತೆ ಡಬ್ಬಿಯ ಚೀಟಿ ಸರಿಮಾಡುತ್ತಿದ್ದಳು. ಅದೇ ನನ್ನನ್ನು ಕೊಂದದ್ದು.

"ಸುಳ್ಳ್ರಿ ಮೇಡಂ," ಎಂದೆ. "ಬಾಟ್ಲಿ ತುಂಬೇ ಅದ. ಮುದ್ರೀನೂ ಒಡದಿಲ್ಲ." ಕಪಾಟಿನಿಂದ ತಂದು ಮೇಜಿನ ಮೇಲಿಟ್ಟೆ.

ಪಂಡಿತ ಸರ್ ಕುರ್ಚಿಯಲ್ಲಿ ಕೂತುಬಿಟ್ಟರು. ಮೇಡಂ ಬಾಟಲಿ ತಿರುಗಿಸಿ ಮುದ್ರೆ ನೋಡಿದರು. ಜಗದೇವಿಗೆ, ಶುರು ಮಾಡು ಎಂದರು.

ಆಕೆ ಐದು ಬಾಟಲಿ ಮಾಡಿದಳು. ಸರ್ ಎದುರಿಗೇ ನೀಲೇಶ ಆಕೆಯ ಜೊತೆಗೆ ನಿಂತ, ಅದಕ್ಕೆ ಆತನಿಗೆ ನನ್ನ ಶಾಭಾಸ್. ಎಲ್ಲ ಅಳತೆ ಒಂದೇ, ಗಂಜಿಯ ವಯಸ್ಸು ಮಾತ್ರ ಬೇರೆ. ಪ್ರತಿ ಸಾಲನ್ನೂ ಪುಸ್ತಕದಲ್ಲಿ ಬರೆದಳು. ಬಾಟಲಿಗಳನ್ನು ಕಿಟಕಿಯಲ್ಲಿಟ್ಟಾಗ ಸಂಜೆ ನಾಲ್ಕು. ಮೇಡಂ ಊರಿನ ವಿಶ್ರಾಂತಿಗೃಹಕ್ಕೆ ಹೋದರು. ಇದೂ ಕೆಟ್ಟರೆ ಏನು ಮಾಡುತ್ತೀ ಎಂದು ನಾನು ಮೆಲ್ಲಗೆ ಕೇಳಿದೆ.

"ಕೆಟ್ಟದಂತ ಬರೀತೀನಿ. ನನ್ನ ಹೆಸರ್ಲೇ ಬರೀತೀನಿ. ಮತ್ತೇನ್ ಮಾಡ್ತಾರ?"

ಮರುದಿನ ಹತ್ತು ಗಂಟೆಗೆ ನಾವೆಲ್ಲ ಕಿಟಕಿಯ ಮುಂದೆ ನಿಂತೆವು. ಒಂದು ದಿನದ ಗಂಜಿ, ಕೆಸರು. ಎರಡು ದಿನದ್ದು, ಕೆಸರು. ಮೂರು ದಿನದ್ದು ಅರ್ಧಕ್ಕೆ ಇಳಿದಿತ್ತು. ಐದು ದಿನದ್ದು ಒಡೆದ ಹಾಲಿನಂತೆ ಹರಳು ಹರಳಾಗಿತ್ತು. ನಾಲ್ಕು ದಿನದ್ದು ಕತ್ತಿನಿಂದ ತಳದವರೆಗೆ ಕಪ್ಪು. ಮೇಡಂ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು, ತಳದಲ್ಲಿ ಏನೂ ಸರಿಯಲಿಲ್ಲ. ಗಂಜಿಯ ಉದ್ದ ಸರಪಳಿಗಳು ಹುಳಿತಾಗ ತುಂಡಾಗುತ್ತವೆ, ಬಹುಶಃ ಆ ತುಂಡುಗಳೇ ಪದರಗಳಿಗೆ ಅಂಟಿ ಅವು ಕೂಡದಂತೆ ತಡೆಯುತ್ತವೆ, ಪರೀಕ್ಷೆ ಮಾಡಿ ನೋಡಬೇಕು ಎಂದರು. ಜಗದೇವಿ ನಗಲಿಲ್ಲ. ಆಕೆಯ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳದೆ ಪೆನ್ನು ತೆಗೆದು ಬರೆಯತೊಡಗಿದಳು.

ಮೂರು ವಾರಕ್ಕೆ ಪುಣೆಯ ವರದಿ ಬಂತು. ಬಹುಪಾಲು ಚೂರುಗಳಲ್ಲಿ ನಾಲ್ಕರಿಂದ ಏಳು ಪದರ, ಒಂದೇ ಪದರದವು ನೂರಕ್ಕೆ ಕೆಲವು. ಪಂಡಿತ ಸರ್ ಹಳೆಯ ಲೇಖನ ಹಿಂದಕ್ಕೆ ತೆಗೆದುಕೊಂಡು ಹೊಸದು ಬರೆದರು. ಆಕೆಯನ್ನು ಕರೆದು, ನೋಡು, ನಿನ್ನ ಹೆಸರು ಎರಡನೆಯದು ಹಾಕಿದ್ದೇನೆ ಎಂದು ದೊಡ್ಡ ಮನಸ್ಸಿನಿಂದ ತೋರಿಸಿದರು. ಆಕೆ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಓದಿದಳು.

"ಒಂದೇ ಪದರ ಅಂತ ಬರ್ದೀರಿ. ನಾಕರಿಂದ ಏಳ ಅವ. ಆರ್ ಸಲ ಕೆಟ್ಟಿದ್ದೂ ಇಲ್ಲಿ ಇಲ್ಲ. ಅದ ಇಲ್ದ ಗಂಜಿ ಯಾಕ ಹುಳಿಬೇಕಂತ ಯಾರಿಗಿ ತಿಳೀತದ? ಬರೀರಿ, ಇಲ್ಲಂದ್ರ ನನ್ನ ಹೆಸರ ತಗೀರಿ."

ಸರ್ ಸಿಟ್ಟಿಗೆದ್ದರು, ಗುತ್ತಿಗೆ ನೆನಪಿಸಿದರು, ಕೊನೆಗೆ ಸಣ್ಣ ದನಿಯಲ್ಲಿ ಬೇಡಿಕೊಂಡರು. ಆಕೆ ಜಗ್ಗಲಿಲ್ಲ. ಎರಡು ದಿನದ ಮೇಲೆ ಲೇಖನ ತಿದ್ದುಪಡಿಯಾಯಿತು, ಆರು ಸೋಲೂ ಒಂದು ಪಟ್ಟಿಯಲ್ಲಿ ಬಂದವು. ಜೂನ್ ಇನ್ನೂ ಬಂದಿಲ್ಲ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೀಕರ್ ತೊಳೆಯುವ ಮುಂಚೆ ಅದರಲ್ಲಿ ಏನಿತ್ತು ಎಂದು ಆಕೆ ಈಗಲೂ ಕೇಳುತ್ತಾಳೆ.

ಎಲ್ಲ ಮುಗಿಯಿತು ಎಂದು ನಾನು ನೆಮ್ಮದಿಯಾಗಿದ್ದೆ. ಕಳೆದ ಮಂಗಳವಾರ ಮಧ್ಯಾಹ್ನ ಚಹಾದ ಹೊತ್ತಿಗೆ ಆಕೆ ಸ್ಟೋರಿಗೆ ಬಂದು ಒಂದು ಬಿಳಿ ಹಾಳೆ ನನ್ನ ಮುಂದಿಟ್ಟಳು. ಆ ಸುಳ್ಳು ಹೇಳಿಕೆ ಇನ್ನೂ ಆಫೀಸಿನ ಫೈಲಿನಲ್ಲೇ ಇದೆ, ನಾಳೆ ನಾನೂ ಇರುವುದಿಲ್ಲ, ನೀವೂ ಇರುವುದಿಲ್ಲ, ಆ ಕಾಗದ ಇರುತ್ತದೆ ಎಂದಳು. ಮೇಡಂ ಮುಂದೆ ಎಲ್ಲರೆದುರು ಹೇಳಿದೆನಲ್ಲವ್ವಾ ಎಂದೆ.

"ಬಾಯಿಲೆ ಹೇಳೀರಿ. ಸುಳ್ಳ ಬರದ ಕೊಟ್ಟೀರಿ, ಖರೇ ಬಾಯಿಲೆ ಹೇಳಿದ್ರ ಹ್ಯಾಂಗ?"

ನಾನು ಬರೆದೆ. ಬಾಟಲಿ ತುಂಬಿತ್ತು, ನನ್ನ ಸಾಕ್ಷಿ ಸುಳ್ಳು, ಜಗದೇವಿ ರೇವಣಸಿದ್ಧ ಯಾವ ತಪ್ಪನ್ನೂ ಮಾಡಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಆಕೆ ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿ, ಹಾಳೆಯನ್ನು ನನ್ನ ಕಡೆಗೇ ತಿರುಗಿಸಿಟ್ಟಳು.

"ಒಂದ ಸಾಲ ಬಿಟ್ಟೀರಿ ಕಾಕಾ. ಬರಿಸಿದವ್ರು ಯಾರು?"

ಸ್ಟೋರಿನ ಬಾಗಿಲು ತೆರೆದೇ ಇತ್ತು. ಎದುರಿನ ಕೋಣೆಯಲ್ಲಿ ಪಂಡಿತ ಸರ್ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು, ಅವರ ಬೆನ್ನು ನನಗೆ ಕಾಣುತ್ತಿತ್ತು. ಆಕೆ ಅವಸರ ಮಾಡಲಿಲ್ಲ, ಹೋಗಲೂ ಇಲ್ಲ.

ಸರ್ ಹೆಸರು ಬರೆದೆ. ಪೂರ್ತಿ ಹೆಸರು, ಹುದ್ದೆ ಸಮೇತ. ಜಗದೇವಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ನನ್ನ ಸಹಿಯ ಕೆಳಗೆ ಸಾಕ್ಷಿ ಎಂದು ಬರೆದು, ತನ್ನ ಸಹಿ ಹಾಕಿದಳು.